ತುಂಬಿದ ಅರ್ಜಿ ಕಳೆದುಹೋಗಬಾರದು: ಫಾರಂ ಮತ್ತು ಫೈಲ್ ಅಪ್‌ಲೋಡ್‌ನ ಸರ್ವರ್ ಕಡೆಯ ಕೆಲಸ

ನಾನು ಶಿರಸಿಯಲ್ಲಿ ಕೂತು ಸಣ್ಣ ಸಂಸ್ಥೆಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಶಾಲೆಗಳು, ಸಹಕಾರಿ ಸಂಘಗಳು, ಒಂದೆರಡು ಟ್ರಸ್ಟ್. ಎಲ್ಲವೂ ಪಿಎಚ್‌ಪಿ ಎಂಬ ಸರ್ವರ್ ಭಾಷೆಯಲ್ಲಿ, ಎಲ್ಲವೂ ಕಡಿಮೆ ಬೆಲೆಯ ಶೇರ್ಡ್ ಹೋಸ್ಟಿಂಗ್, ಅಂದರೆ ಹಲವರು ಹಂಚಿಕೊಳ್ಳುವ ಸರ್ವರ್. ಕೆಲವು ವರ್ಷಗಳ ಹಿಂದೆ ಒಂದು ಟ್ರಸ್ಟ್‌ಗೆ ವಿದ್ಯಾರ್ಥಿವೇತನದ ಅರ್ಜಿ ಫಾರಂ ಮಾಡಿದೆ. ಹೆಸರು, ಊರು, ಓದು, ಮನೆಯ ವಿವರ. ಜೊತೆಗೆ ಐದು ಫೈಲ್: ಫೋಟೋ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟ, ಕಾಲೇಜಿನ ಫೀ ರಸೀದಿ.

ಕೊನೆಯ ದಿನದ ಸಂಜೆ ಜೋಯಿಡಾ ಕಡೆಯ ಒಬ್ಬ ಹುಡುಗಿ ಫೋನ್ ಮಾಡಿದಳು. "ಸರ್, ಮೂರು ಸಲ ತುಂಬಿದೆ. ಎಲ್ಲಾ ಬರೆದಿದ್ದೀನಿ. ಆದ್ರೂ 'ಹೆಸರು ಬರೆಯಿರಿ' ಅಂತಲೇ ಬರ್ತಿದೆ." ಅವಳು ಬಸ್ಸು ಹಿಡಿದು ಸೈಬರ್ ಸೆಂಟರ್‌ಗೆ ಬಂದು, ಫೋನಿನಲ್ಲಿ ತೆಗೆದ ಫೋಟೋಗಳನ್ನು ಅಲ್ಲಿಯ ಕಂಪ್ಯೂಟರ್‌ಗೆ ಹಾಕಿಸಿ, ಒಂದೂವರೆ ಗಂಟೆ ಕೂತಿದ್ದಳು. ನಾನು ಸರ್ವರ್‌ನ ಲಾಗ್ ತೆಗೆದು ನೋಡಿದೆ. ಒಂದೇ ಎಚ್ಚರಿಕೆ ಸಾಲುಸಾಲಾಗಿ ಕೂತಿತ್ತು: ಕಳಿಸಿದ ಡೇಟಾ ಮಿತಿಗಿಂತ ಜಾಸ್ತಿ. ಎಣಿಸಿದೆ, 63 ಸಾಲು. ಅಷ್ಟು ಸಲ ಯಾರೋ ಪೂರ್ತಿ ಅರ್ಜಿ ತುಂಬಿ ಕಳೆದುಕೊಂಡಿದ್ದರು. ತಪ್ಪು ನನ್ನದೇ. ಟ್ರಸ್ಟಿನವರು ಎರಡು ದಿನ ಗಡುವು ಮುಂದೆ ಹಾಕಿದರು.

ಆ ದಿನದಿಂದ ಫಾರಂ ಬರೆಯುವಾಗ ಎರಡು ಮಾತು ತಲೆಯಲ್ಲಿ ಇಟ್ಟುಕೊಂಡಿದ್ದೇನೆ. ತುಂಬಿದವರ ಶ್ರಮದಲ್ಲಿ ಒಂದು ಅಕ್ಷರವೂ ಹಾಳಾಗಬಾರದು. ಅವರ ಕಡೆಯಿಂದ ಬಂದ ಫೈಲ್‌ನಲ್ಲಿ ಒಂದು ಬೈಟನ್ನೂ ಪರೀಕ್ಷೆ ಮಾಡದೆ ನಂಬಬಾರದು. ಕೆಳಗೆ ಬರೆದದ್ದೆಲ್ಲ ಈ ಎರಡನ್ನೂ ಒಟ್ಟಿಗೆ ಸಾಧಿಸುವ ಬಗೆ. ಉದಾಹರಣೆ ಪಿಎಚ್‌ಪಿಯದು, ಆದರೆ ನೋಡ್, ಜಾಂಗೋ ತರಹದ ಬೇರೆ ಸಾಧನ ಬಳಸುವವರಿಗೂ ಅಪಾಯಗಳು ಇವೇ.

ಫೈಲ್ ಹೇಗೆ ಬರುತ್ತದೆ

ಫಾರಂನಲ್ಲಿ ಫೈಲ್ ಕಳಿಸುವ ವ್ಯವಸ್ಥೆಯನ್ನು 1995ರಲ್ಲಿ ಆರ್‌ಎಫ್‌ಸಿ 1867 ಎಂಬ ದಾಖಲೆ ವಿವರಿಸಿತು. ಅಲ್ಲಿ ಬಂದ ಮಲ್ಟಿಪಾರ್ಟ್ ಫಾರಂ-ಡೇಟಾ ಎಂಬ ಬಗೆಯನ್ನೇ ಇವತ್ತೂ ಬ್ರೌಸರ್‌ಗಳು ಬಳಸುತ್ತವೆ. ಒಂದೇ ಪಾರ್ಸೆಲ್‌ನೊಳಗೆ ಹಲವು ಪೊಟ್ಟಣ ಇಟ್ಟು, ನಡುನಡುವೆ ಗುರುತಿನ ಗೆರೆ ಎಳೆದ ಹಾಗೆ. ಹೆಸರು ಒಂದು ಪೊಟ್ಟಣ, ಊರು ಒಂದು ಪೊಟ್ಟಣ, ಅಂಕಪಟ್ಟಿಯ ಫೋಟೋ ಇನ್ನೊಂದು. ಫಾರಂ ಟ್ಯಾಗ್‌ನಲ್ಲಿ ಎನ್‌ಕ್‌ಟೈಪ್ (ಯಾವ ಬಗೆಯಲ್ಲಿ ಕಳಿಸಬೇಕು ಅನ್ನುವ ಸೂಚನೆ) ಬರೆಯಲು ಮರೆತರೆ ಫೈಲ್ ಬರುವುದೇ ಇಲ್ಲ, ಅದರ ಹೆಸರು ಮಾತ್ರ ಬರುತ್ತದೆ. ಹೊಸಬರು ಅರ್ಧ ದಿನ ಹುಡುಕುವ ತಪ್ಪು ಇದು.

ಸರ್ವರ್ ಮುಟ್ಟಿದ ಮೇಲೆ ಪಿಎಚ್‌ಪಿ ಆ ಪಾರ್ಸೆಲ್ ಬಿಚ್ಚುತ್ತದೆ. ಬರಹವನ್ನು ಪೋಸ್ಟ್ ಎಂಬ ಅರೇಯಲ್ಲಿ (ಪಟ್ಟಿಯಲ್ಲಿ) ಇಡುತ್ತದೆ, ಫೈಲ್‌ಗಳನ್ನು ತಾತ್ಕಾಲಿಕ ಫೋಲ್ಡರ್‌ನಲ್ಲಿ ಇಟ್ಟು ಅವುಗಳ ವಿವರವನ್ನು ಫೈಲ್ಸ್ ಎಂಬ ಅರೇಯಲ್ಲಿ ಇಡುತ್ತದೆ. ಇಷ್ಟೆಲ್ಲ ಆದ ಮೇಲೆಯೇ ನಿಮ್ಮ ಕೋಡ್‌ನ ಮೊದಲ ಸಾಲು ಓಡುವುದು. ಕೋಡ್ ಮುಗಿದ ತಕ್ಷಣ ತಾತ್ಕಾಲಿಕ ಫೈಲ್ ಅಳಿಸಿಹೋಗುತ್ತದೆ. ಹಾಗಾಗಿ ಅದನ್ನು ಮೂವ್ ಅಪ್‌ಲೋಡೆಡ್ ಫೈಲ್ ಎಂಬ ಫಂಕ್ಷನ್‌ನಿಂದ ಬೇರೆ ಜಾಗಕ್ಕೆ ಸಾಗಿಸಲೇಬೇಕು. ಮಾಮೂಲಿ ಕಾಪಿ ಬೇಡ. ಈ ಫಂಕ್ಷನ್ 'ಇದು ನಿಜವಾಗಿ ಅಪ್‌ಲೋಡ್ ಆಗಿ ಬಂದದ್ದೇ' ಅಂತ ನೋಡಿಯೇ ಸಾಗಿಸುತ್ತದೆ.

ಮೂರು ಬಾಗಿಲು

ಆ ಹುಡುಗಿಯ ಅರ್ಜಿ ಎಲ್ಲಿ ಬಿತ್ತು? ಫೈಲ್ ಒಳಗೆ ಬರುವ ದಾರಿಯಲ್ಲಿ ಮೂರು ಬಾಗಿಲು ಇವೆ, ಮೂರಕ್ಕೂ ಬೇರೆಬೇರೆ ಅಳತೆ. ಪಿಎಚ್‌ಪಿಯ ಮುಂದೆ ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇದ್ದರೆ ಅದರ ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್ ನಾವು ಮುಟ್ಟದಿದ್ದರೆ 1 ಎಂಬಿ. ಅದಕ್ಕಿಂತ ಜಾಸ್ತಿ ಬಂದರೆ 413 ಎಂಬ ಉತ್ತರ ಕೊಟ್ಟು ಅಲ್ಲೇ ವಾಪಸ್ ಕಳಿಸುತ್ತದೆ, ನಿಮ್ಮ ಕೋಡ್‌ಗೆ ಸುದ್ದಿಯೂ ಬರುವುದಿಲ್ಲ. ಎರಡನೆಯದು ಪಿಎಚ್‌ಪಿಯ ಪೋಸ್ಟ್ ಮ್ಯಾಕ್ಸ್ ಸೈಜ್, ಇಡೀ ಪಾರ್ಸೆಲ್‌ಗೆ 8 ಎಂಬಿ. ಮೂರನೆಯದು ಅಪ್‌ಲೋಡ್ ಮ್ಯಾಕ್ಸ್ ಫೈಲ್‌ಸೈಜ್, ಒಂದೊಂದು ಫೈಲ್‌ಗೆ 2 ಎಂಬಿ. ಇವತ್ತಿನ ಫೋನಿನಲ್ಲಿ ತೆಗೆದ ಒಂದು ಫೋಟೋ ಸಲೀಸಾಗಿ 4-5 ಎಂಬಿ ಇರುತ್ತದೆ.

ಮೂರನೆಯ ಬಾಗಿಲಲ್ಲಿ ಸಿಕ್ಕಿಬಿದ್ದರೆ ಪಿಎಚ್‌ಪಿ ಆ ಫೈಲ್‌ಗೆ 1 ಎಂಬ ತಪ್ಪಿನ ಸಂಖ್ಯೆ ಹಚ್ಚಿ ಹೇಳುತ್ತದೆ. ಎರಡನೆಯದರಲ್ಲಿ ಸಿಕ್ಕಿದರೆ ಲಾಗ್‌ನಲ್ಲಿ ಎಚ್ಚರಿಕೆ ಬರೆಯುವುದು ಬಿಟ್ಟು ಕೋಡ್‌ಗೆ ಏನೂ ಹೇಳುವುದಿಲ್ಲ. ಪೋಸ್ಟ್ ಅರೇಯೂ ಖಾಲಿ, ಫೈಲ್ಸ್ ಅರೇಯೂ ಖಾಲಿ. ಎಲ್ಲ ಪೊಟ್ಟಣ ಎಸೆದು ಬರೀ ಪಾರ್ಸೆಲ್ ಚೀಲ ಕೈಗಿಟ್ಟ ಹಾಗೆ. ನನ್ನ ಕೋಡ್ ಮೊದಲು ಹೆಸರು ಇದೆಯಾ ಅಂತ ನೋಡುತ್ತಿತ್ತು. ಇರಲಿಲ್ಲ. 'ಹೆಸರು ಬರೆಯಿರಿ' ಅಂದಿತು. ನಾನು ಪರೀಕ್ಷೆ ಮಾಡಿದ್ದು ಸ್ಕ್ಯಾನರ್‌ನಿಂದ ಬಂದ 200 ಕೆಬಿಯ ಫೈಲ್‌ಗಳಲ್ಲಿ. ಹಾಗಾಗಿ ನನ್ನ ಕಣ್ಣಿಗೆ ಇದು ಬೀಳಲೇ ಇಲ್ಲ.

ಹಾಗಾದರೆ ಮಾಡಬೇಕಾದ್ದು ಏನು? ಕೋಡ್‌ನ ಮೊದಲ ಕೆಲಸವಾಗಿ ಇದನ್ನು ನೋಡಿ: ಬಂದದ್ದು ಪೋಸ್ಟ್ ವಿನಂತಿ, ಕಂಟೆಂಟ್-ಲೆಂಗ್ತ್ (ಕಳಿಸಿದ ಡೇಟಾದ ಗಾತ್ರ) ಸೊನ್ನೆಗಿಂತ ಜಾಸ್ತಿ, ಆದರೆ ಎರಡೂ ಅರೇ ಖಾಲಿ. ಹಾಗಿದ್ದರೆ ಕಾರಣ ಗಾತ್ರವೇ. 'ಫೈಲ್‌ಗಳ ಒಟ್ಟು ಗಾತ್ರ ಜಾಸ್ತಿಯಾಗಿದೆ, ಒಂದೊಂದೂ ಇಷ್ಟು ಎಂಬಿ ಒಳಗೆ ಇರಲಿ' ಅಂತ ಸ್ಪಷ್ಟವಾಗಿ ಹೇಳಿ.

ಮಿತಿಗಳನ್ನು ಹೊರಗಿನಿಂದ ಒಳಕ್ಕೆ ಇಳಿಯುವಂತೆ ಇಡಿ. ನನ್ನದು ಈಗ ಫೈಲ್‌ಗೆ 8 ಎಂಬಿ, ಪಾರ್ಸೆಲ್‌ಗೆ 45 ಎಂಬಿ, ಎನ್‌ಜಿನ್‌ಎಕ್ಸ್‌ಗೆ 48 ಎಂಬಿ. ಪಿಎಚ್‌ಪಿಯ ಈ ಎರಡು ಮಿತಿಗಳನ್ನು ಕೋಡ್ ಒಳಗೆ ಇನಿ ಸೆಟ್ ಎಂಬ ಫಂಕ್ಷನ್ ಹಾಕಿ ಬದಲಿಸಲು ಆಗುವುದಿಲ್ಲ, ಕೋಡ್ ಶುರುವಾಗುವ ಹೊತ್ತಿಗೆ ಪಾರ್ಸೆಲ್ ಬಿಚ್ಚಿ ಆಗಿರುತ್ತದೆ. ಶೇರ್ಡ್ ಹೋಸ್ಟಿಂಗ್‌ನಲ್ಲಿ ಸಾಮಾನ್ಯವಾಗಿ ಡಾಟ್ ಯೂಸರ್ ಡಾಟ್ ಇನಿ ಫೈಲ್‌ನಲ್ಲಿ ಬರೆಯಬಹುದು. ಅದನ್ನು ಪಿಎಚ್‌ಪಿ 300 ಸೆಕೆಂಡಿಗೆ ಒಮ್ಮೆ ಓದುತ್ತದೆ. ಬದಲಿಸಿದ ತಕ್ಷಣ ಕೆಲಸ ಮಾಡಲಿಲ್ಲ ಅಂತ ಗಾಬರಿಯಾಗಬೇಡಿ, ಐದು ನಿಮಿಷ ಕಾಯಿರಿ. ಆ ಸಂಜೆ ಆ ಐದು ನಿಮಿಷ ನನಗೆ ಬಹಳ ಉದ್ದವಾಗಿತ್ತು.

ಮಿತಿ ಏರಿಸುವುದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ: ಎಲ್ಲವನ್ನೂ ಒಂದೇ ಪಾರ್ಸೆಲ್‌ನಲ್ಲಿ ಕೇಳಬೇಡಿ. ಮೊದಲ ಪುಟದಲ್ಲಿ ಬರಹ ಮಾತ್ರ. ಅದು ಉಳಿದ ಕೂಡಲೇ ಅರ್ಜಿ ಸಂಖ್ಯೆ ಕೊಡಿ. ಎರಡನೆಯ ಪುಟದಲ್ಲಿ ಒಂದೊಂದೇ ಫೈಲ್, ಒಂದು ಮುಗಿದ ಮೇಲೆ ಮುಂದಿನದು, ಪಕ್ಕದಲ್ಲಿ 'ಬಂತು' ಅಂತ ಗುರುತು. ನಮ್ಮ ಕಡೆ ಜೂನ್-ಜುಲೈ ಮಳೆಯಲ್ಲಿ ಕರೆಂಟ್ ಹೋದರೆ ನೆಟ್‌ವರ್ಕ್ ಕೂಡ ಹೋಗುತ್ತದೆ. ನಾಲ್ಕು ಫೈಲ್ ಹೋಗಿ ಐದನೆಯದಕ್ಕೆ ನಿಂತರೆ, ನಾಳೆ ಆ ಐದನೆಯದೊಂದನ್ನೇ ಹಾಕಿದರೆ ಸಾಕು ಅನ್ನುವಂತಿರಬೇಕು ಅಲ್ವಾ? ಬ್ರೌಸರ್‌ನಲ್ಲೇ ಕ್ಯಾನ್ವಾಸ್ ಎಂಬ ಚಿತ್ರ ಬಿಡಿಸುವ ಸೌಲಭ್ಯ ಬಳಸಿ ಫೋಟೋವನ್ನು 1600 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ 5 ಎಂಬಿಯ ಅಂಕಪಟ್ಟಿ ಕೆಲವೇ ನೂರು ಕೆಬಿ ಆಗುತ್ತದೆ, ಅಕ್ಷರಗಳೂ ಓದಲು ಬರುತ್ತವೆ. ಆದರೆ ಬ್ರೌಸರ್‌ನ ಕೆಲಸ ಬಳಸುವವರ ಅನುಕೂಲಕ್ಕೆ ಮಾತ್ರ. ಅದನ್ನು ದಾಟಿ ನೇರ ಸರ್ವರ್‌ಗೆ ಏನು ಬೇಕಾದರೂ ಕಳಿಸಬಹುದು, ಹಾಗಾಗಿ ಸರ್ವರ್ ಎಲ್ಲವನ್ನೂ ಮತ್ತೆ ನೋಡಲೇಬೇಕು.

ಉಳಿದ ತಪ್ಪಿನ ಸಂಖ್ಯೆಗಳಿಗೂ ಕನ್ನಡದಲ್ಲಿ ಒಂದೊಂದು ಸಂದೇಶ ಬರೆದಿಡಿ. 3 ಅಂದರೆ ಫೈಲ್ ಅರ್ಧ ಬಂದಿದೆ, ಮತ್ತೆ ಹಾಕಲು ಹೇಳಿ. 4 ಅಂದರೆ ಫೈಲ್ ಆರಿಸಿಲ್ಲ. 6 ಮತ್ತು 7 ಬಂದರೆ ತಪ್ಪು ನಮ್ಮ ಸರ್ವರ್‌ನದು: ತಾತ್ಕಾಲಿಕ ಫೋಲ್ಡರ್ ಇಲ್ಲ, ಅಥವಾ ಡಿಸ್ಕ್‌ಗೆ ಬರೆಯಲು ಆಗುತ್ತಿಲ್ಲ. ಆಗ ಅರ್ಜಿದಾರರಿಗೆ 'ತೊಂದರೆ ನಮ್ಮ ಕಡೆಯದು, ನೀವು ಬರೆದದ್ದು ಉಳಿದಿದೆ' ಅಂತ ಹೇಳಿ, ನಿಮಗೇ ಒಂದು ಇಮೇಲ್ ಬರುವಂತೆ ಮಾಡಿ.

ಕನ್ನಡದ ಬರಹ

ಈ ಭಾಗವನ್ನು ಇಂಗ್ಲಿಷ್ ಪಾಠಗಳಲ್ಲಿ ಯಾರೂ ಹೇಳಿಕೊಡುವುದಿಲ್ಲ.

ಬರಹವನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. 'ಕರ್ನಾಟಕ' ನಮಗೆ ನಾಲ್ಕು ಅಕ್ಷರ. ಯುನಿಕೋಡ್‌ಗೆ ಏಳು ಚಿಹ್ನೆ. ಬೈಟ್ ಎಣಿಸುವ ಸ್ಟ್ರ್‌ಲೆನ್ ಫಂಕ್ಷನ್‌ಗೆ 21. 'ಹೆಸರು 50 ಅಕ್ಷರ ಮೀರಬಾರದು' ಅಂತ ಅದರಲ್ಲಿ ಅಳೆದರೆ ತಂದೆಯ ಹೆಸರೂ ಸೇರಿ ಬರೆದವರೆಲ್ಲ ಹೊರಗೆ. ಚಿಹ್ನೆ ಎಣಿಸುವ ಎಂಬಿ ಸ್ಟ್ರ್‌ಲೆನ್ ಬಳಸಿ, ಮಿತಿಯನ್ನೂ ಧಾರಾಳವಾಗಿ ಇಡಿ.

ಹೆಸರಿನಲ್ಲಿ ಬರೀ ಅಕ್ಷರ ಇರಬೇಕು ಅನ್ನುವ ರೆಗ್ಯುಲರ್ ಎಕ್ಸ್‌ಪ್ರೆಷನ್ (ಬರಹದ ನಮೂನೆ ನೋಡುವ ಸೂತ್ರ) ಕನ್ನಡಕ್ಕೆ ಆಗಿಬರುವುದಿಲ್ಲ. ಯುನಿಕೋಡ್ ಲೆಕ್ಕದಲ್ಲಿ 'ಕಿ'ಯಲ್ಲಿರುವ ಗುಡಿಸು ಅಕ್ಷರವಲ್ಲ, ಅದು ಮಾರ್ಕ್. ಅದಕ್ಕೂ, ಇನಿಶಿಯಲ್ ಹಿಂದಿನ ಚುಕ್ಕಿಗೂ, ಖಾಲಿ ಜಾಗಕ್ಕೂ ಅವಕಾಶ ಕೊಡಿ. ಹೆಸರನ್ನು ಮೊದಲ ಹೆಸರು, ಕೊನೆಯ ಹೆಸರು ಅಂತ ಒಡೆಯಬೇಡಿ. ನಮ್ಮಲ್ಲಿ ಎಷ್ಟೋ ಜನಕ್ಕೆ ಇರುವುದು ಒಂದೇ ಹೆಸರು.

ಇನ್ನೂ ಸೂಕ್ಷ್ಮವಾದದ್ದು ಒಂದಿದೆ. 'ಕೊಟ್ರೇಶ' ಎಂಬ ಹೆಸರನ್ನು ಯುನಿಕೋಡ್‌ನಲ್ಲಿ ಏಳು ಚಿಹ್ನೆಯಲ್ಲಿ ಬರೆಯಬಹುದು. 'ಕೊ' ಮತ್ತು 'ರೇ'ಗಳ ಸ್ವರಚಿಹ್ನೆಗಳನ್ನು ಬಿಡಿಸಿ ಒಂಬತ್ತು ಚಿಹ್ನೆಯಲ್ಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಡೇಟಾಬೇಸ್ ಬೈಟ್ ಲೆಕ್ಕದಲ್ಲಿ ಹೋಲಿಸಿದರೆ ಅವು ಇಬ್ಬರು ಬೇರೆ ಮನುಷ್ಯರು. ಬರಹ ಬಂದ ಕೂಡಲೇ ನಾರ್ಮಲೈಸರ್ ಬಳಸಿ ಎನ್‌ಎಫ್‌ಸಿ ಎಂಬ ಕೂಡಿಸಿ ಬರೆದ ರೂಪಕ್ಕೆ ತಂದು ಆಮೇಲೆ ಉಳಿಸಿ. 'ರಾಜ್‌ಕುಮಾರ್' ತರಹದ ಹೆಸರುಗಳಲ್ಲಿ ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಅದನ್ನು ಕಿತ್ತು ಹಾಕಿದರೆ ಅವರ ಹೆಸರೇ ಕೆಡುತ್ತದೆ. ತೋರಿಸಲು ಇದ್ದ ಹಾಗೇ ಇಡಿ, ಹುಡುಕಲು ಮಾತ್ರ ಅದಿಲ್ಲದ ಪ್ರತಿ ಬೇರೆ ಇಡಿ.

ಫೋನ್ ನಂಬರನ್ನು ಕನ್ನಡ ಅಂಕಿಗಳಲ್ಲಿ ಬರೆಯುವವರು ಇದ್ದಾರೆ. ಅದು ತಪ್ಪಲ್ಲ. ೦ಯಿಂದ ೯ರ ತನಕ 0ಯಿಂದ 9ಕ್ಕೆ ಬದಲಿಸಿಕೊಂಡು ಆಮೇಲೆ ಪರೀಕ್ಷೆ ಮಾಡಿ, ಒಂದೇ ಸಾಲಿನ ಕೆಲಸ. ಡಿಟಿಪಿ ಅಂಗಡಿಯವರು ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿ ತಂದು ಅಂಟಿಸುವುದೂ ಉಂಟು. ಅದು ವೆಬ್‌ನಲ್ಲಿ ತಲೆ ಮೇಲೆ ಗುರುತು ಹೊತ್ತ ವಿಚಿತ್ರ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಹಾಗೆ ಕಂಡರೆ ಉಳಿಸುವ ಮುಂಚೆಯೇ 'ಯುನಿಕೋಡ್‌ಗೆ ಬದಲಿಸಿ ಹಾಕಿ' ಅಂತ ಕೇಳಿ.

ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಟೇಬಲ್ ಯುಟಿಎಫ್-8 ಎಂಬಿ-4ರಲ್ಲಿ ಇರಲಿ. 8.0 ಆವೃತ್ತಿಗೆ ಮುಂಚೆ ತಾನಾಗಿ ಬರುತ್ತಿದ್ದುದು ಕನ್ನಡಕ್ಕೆ ಜಾಗವಿಲ್ಲದ ಲ್ಯಾಟಿನ್-1. ಅಂಥ ಹಳೆಯ ಟೇಬಲ್‌ಗೆ ಕನ್ನಡ ಹೋದರೆ ಪ್ರಶ್ನೆ ಚಿಹ್ನೆಗಳ ಸಾಲಾಗಿ ಉಳಿಯಬಹುದು. ಹಾಗೆ ಹಾಳಾದದ್ದನ್ನು ಮತ್ತೆ ತರಲು ಆಗುವುದಿಲ್ಲ. ಡೇಟಾಬೇಸ್‌ಗೆ ಹಾಕುವಾಗ ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಬರಹವನ್ನು ಆಜ್ಞೆಯಿಂದ ಬೇರೆಯಾಗಿ ಕಳಿಸುವ ಬಗೆ), ಪುಟದಲ್ಲಿ ತೋರಿಸುವಾಗ ಎಚ್‌ಟಿಎಂಎಲ್ ಎಸ್ಕೇಪ್ (ಬರಹ ಟ್ಯಾಗ್ ಆಗಿ ಓಡದಂತೆ ಬದಲಿಸುವುದು). ಈ ಎರಡು ಪ್ರತಿ ಸಲವೂ ಬೇಕು.

ಫೈಲ್ ಅನ್ನು ಪರೀಕ್ಷೆ ಮಾಡುವುದು

ಫೈಲ್ ಜೊತೆ ಬರುವ ಹೆಸರೂ, 'ನಾನು ಜೆಪೆಗ್' ಅನ್ನುವ ಟೈಪ್ ಮಾಹಿತಿಯೂ ಕಳಿಸಿದವರು ಬರೆದದ್ದು. ಎರಡನ್ನೂ ಹಾಗೇ ನಂಬುವಂತಿಲ್ಲ. ಒಳಗೆ ಏನಿದೆ ಅಂತ ಫೈಲ್‌ಇನ್ಫೋ ಎಂಬ ಲೈಬ್ರರಿಯಿಂದ ಓದಿ. ಜೆಪೆಗ್ ಶುರುವಾಗುವುದು ಎಫ್‌ಎಫ್, ಡಿ8, ಎಫ್‌ಎಫ್ ಎಂಬ ಮೂರು ಬೈಟ್‌ಗಳಿಂದ. ಪಿಡಿಎಫ್‌ನ ಮೊದಲಲ್ಲಿ ಶೇಕಡಾ ಚಿಹ್ನೆಯೂ ಪಿಡಿಎಫ್ ಎಂಬ ಅಕ್ಷರಗಳೂ ಇರುತ್ತವೆ. ಬೇಕಾದ ಬಗೆಗಳ ಪಟ್ಟಿ ಮಾಡಿ, ಅದರಲ್ಲಿ ಇಲ್ಲದ್ದನ್ನೆಲ್ಲ ಬಿಡಿ. ನನ್ನ ಪಟ್ಟಿಯಲ್ಲಿ ಮೂರೇ: ಜೆಪೆಗ್, ಪಿಎನ್‌ಜಿ, ಪಿಡಿಎಫ್. ಎಸ್‌ವಿಜಿ ಚಿತ್ರದಂತೆ ಕಂಡರೂ ಅದರೊಳಗೆ ಸ್ಕ್ರಿಪ್ಟ್ ಇರಬಹುದು, ಅದಕ್ಕೆ ಜಾಗ ಇಲ್ಲ. ಐಫೋನ್‌ನಿಂದ ಎಚ್‌ಇಐಸಿ ಬಗೆಯ ಫೋಟೋ ಬರಬಹುದು. ಆಗ ಸುಮ್ನೆ 'ತಪ್ಪು ಫೈಲ್' ಅನ್ನಬೇಡಿ, ಜೆಪೆಗ್ ಮಾಡಿ ಹಾಕುವುದು ಹೇಗೆ ಅಂತ ಎರಡು ಸಾಲು ಬರೆಯಿರಿ.

ಇಷ್ಟೂ ಸಾಲದು. ಸರಿಯಾದ ಜೆಪೆಗ್ ಫೈಲ್‌ನ ಕಾಮೆಂಟ್ ಜಾಗದಲ್ಲಿ ಪಿಎಚ್‌ಪಿ ಕೋಡ್ ಅಡಗಿಸಿ ಕಳಿಸಬಹುದು. ಅದು ಚಿತ್ರವಾಗಿಯೂ ತೆರೆಯುತ್ತದೆ. ಹೆಸರಿನ ಕೊನೆಗೆ ಡಾಟ್ ಪಿಎಚ್‌ಪಿ ಇದ್ದು, ವೆಬ್‌ನಿಂದ ತೆರೆಯುವ ಫೋಲ್ಡರ್‌ನಲ್ಲಿ ಕೂತರೆ ಕೋಡಾಗಿಯೂ ಓಡುತ್ತದೆ. ಆಮೇಲೆ ಆ ಸರ್ವರ್ ನಿಮ್ಮದಲ್ಲ. ಹಾಗಾಗಿ ನಿಜವಾದ ರಕ್ಷಣೆ ಇರುವುದು ಫೈಲ್ ಅನ್ನು ಎಲ್ಲಿ, ಯಾವ ಹೆಸರಲ್ಲಿ ಇಡುತ್ತೀರಿ ಅನ್ನುವುದರಲ್ಲಿ.

ಹೆಸರು ನೀವೇ ಕೊಡಿ. ರ‍್ಯಾಂಡಮ್ ಬೈಟ್ಸ್ ಫಂಕ್ಷನ್‌ನಿಂದ 16 ಬೈಟ್ ತೆಗೆದು ಹೆಕ್ಸ್ ಮಾಡಿದರೆ 32 ಅಕ್ಷರದ ಹೆಸರು ಸಿಗುತ್ತದೆ. ಹೆಸರಿನ ಬಾಲವನ್ನು (ಡಾಟ್ ಜೆಪಿಜಿ, ಡಾಟ್ ಪಿಡಿಎಫ್ ತರಹದ್ದು) ನೀವು ಕಂಡುಹಿಡಿದ ಬಗೆಯಿಂದ ಹಚ್ಚಿ, ಅವರು ಕಳಿಸಿದ ಹೆಸರಿನಿಂದ ಬೇಡ. ಅವರ ಹೆಸರಿನಲ್ಲಿ ಎರಡು ಚುಕ್ಕಿ ಒಂದು ಓರೆಗೆರೆ ಹಾಕಿ ಬೇರೆ ಫೋಲ್ಡರ್‌ಗೆ ಹತ್ತುವ ಪ್ರಯತ್ನ ಇರಬಹುದು. ಏನೂ ದುರುದ್ದೇಶ ಇಲ್ಲದೆಯೂ ತೊಂದರೆ ಬರುತ್ತದೆ. ಲಿನಕ್ಸ್‌ನ ಎಕ್ಸ್ಟ್-4 ಡಿಸ್ಕ್‌ನಲ್ಲಿ ಫೈಲ್ ಹೆಸರಿಗೆ 255 ಬೈಟ್ ಮಿತಿ, ಅಂದರೆ ಕನ್ನಡದ 85 ಚಿಹ್ನೆ. ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್‌ಗೆ ಇಡೀ ವಾಕ್ಯವನ್ನೇ ಹೆಸರಾಗಿಟ್ಟಿದ್ದರೆ ಉಳಿಸುವಾಗಲೇ ಸೋಲುತ್ತದೆ. ಮೂಲ ಹೆಸರನ್ನು ಡೇಟಾಬೇಸ್‌ನಲ್ಲಿ ಬರಹವಾಗಿ ಇಟ್ಟುಕೊಂಡರೆ ಸಾಕು.

ಜಾಗ ವೆಬ್‌ನಿಂದ ತೆರೆಯುವ ಪಬ್ಲಿಕ್ ಎಚ್‌ಟಿಎಂಎಲ್ ಫೋಲ್ಡರ್‌ನ ಹೊರಗೆ ಇರಲಿ. ಫೋಲ್ಡರ್‌ಗೆ 777, ಅಂದರೆ ಎಲ್ಲರಿಗೂ ಎಲ್ಲ ಹಕ್ಕಿನ, ಅನುಮತಿ ಕೊಟ್ಟು ಕೆಲಸ ಮುಗಿಸುವ ಆಸೆ ಬಿಡಿ, 750 ಸಾಕಾಗುತ್ತದೆ. ಟ್ರಸ್ಟಿನವರು ನೋಡಬೇಕಾದಾಗ ಒಂದು ಸ್ಕ್ರಿಪ್ಟ್ ಮೂಲಕ ಕೊಡಿ. ಅದು ಮೊದಲು ಲಾಗಿನ್ ನೋಡಲಿ. ಆಮೇಲೆ ಈ ವ್ಯಕ್ತಿಗೆ ಈ ಅರ್ಜಿ ನೋಡುವ ಹಕ್ಕು ಇದೆಯಾ ಅಂತ ನೋಡಲಿ. ಈ ಎರಡನೆಯದನ್ನು ಬಿಟ್ಟುಬಿಡುವವರೇ ಜಾಸ್ತಿ. ವಿಳಾಸದಲ್ಲಿ 101 ಇರುವಲ್ಲಿ 102 ಅಂತ ಬದಲಿಸಿದರೆ ಪಕ್ಕದ ಮನೆಯವರ ಆದಾಯ ಪ್ರಮಾಣಪತ್ರ ತೆರೆಯುವ ಫಾರಂಗಳನ್ನು ನಾನೇ ಕಂಡಿದ್ದೇನೆ. ಕಳಿಸುವಾಗ ಕಂಟೆಂಟ್-ಡಿಸ್ಪೊಸಿಷನ್ ಹೆಡರ್‌ನಲ್ಲಿ ಅಟ್ಯಾಚ್‌ಮೆಂಟ್ ಅಂತಲೂ, ಜೊತೆಗೆ ನೋಸ್ನಿಫ್ ಹೆಡರನ್ನೂ ಹಾಕಿ. ಆಗ ಬ್ರೌಸರ್ ತಾನೇ ಊಹೆ ಮಾಡಿ ಫೈಲನ್ನು ಪುಟವಾಗಿ ತೆರೆಯುವುದಿಲ್ಲ.

ಫೋಟೋ

ಫೋನಿನ ಫೋಟೋದಲ್ಲಿ ಅದನ್ನು ತೆಗೆದ ಜಾಗದ ಅಕ್ಷಾಂಶ ರೇಖಾಂಶ ಇರಬಹುದು. ಒಬ್ಬ ವಿದ್ಯಾರ್ಥಿನಿಯ ಮನೆ ಎಲ್ಲಿದೆ ಅನ್ನುವುದು ಅವಳ ಫೋಟೋ ಜೊತೆ ಓಡಾಡಬಾರದು. ಪಿಎಚ್‌ಪಿಯ ಜಿಡಿ ಎಂಬ ಚಿತ್ರದ ಲೈಬ್ರರಿಯಲ್ಲಿ ತೆರೆದು ಹೊಸ ಜೆಪೆಗ್ ಆಗಿ ಬರೆದರೆ ಈ ಮಾಹಿತಿಯೂ ಹೋಗುತ್ತದೆ, ಕಾಮೆಂಟ್‌ನಲ್ಲಿ ಅಡಗಿದ ಕೋಡ್ ಕೂಡ ಹೋಗುತ್ತದೆ. ಆದರೆ ಯಾವ ಕಡೆ ತಿರುಗಿಸಿ ತೋರಿಸಬೇಕು ಅನ್ನುವ ಗುರುತು ಸಹ ಅಲ್ಲೇ ಇರುತ್ತದೆ. ಅದನ್ನು ಮೊದಲು ಓದಿ ಚಿತ್ರವನ್ನು ತಿರುಗಿಸಿಕೊಳ್ಳಿ, ಇಲ್ಲದಿದ್ದರೆ ಅಂಕಪಟ್ಟಿಗಳೆಲ್ಲ ಅಡ್ಡ ಮಲಗುತ್ತವೆ.

ಮೆಮೊರಿಯ ಲೆಕ್ಕ ಮಾಡಿ. 4000 ಗುಣಿಸು 3000 ಪಿಕ್ಸೆಲ್‌ನ ಫೋಟೋ ಡಿಸ್ಕ್‌ನಲ್ಲಿ 4 ಎಂಬಿ ಇದ್ದರೂ, ತೆರೆದಾಗ ಒಂದು ಪಿಕ್ಸೆಲ್‌ಗೆ 4 ಬೈಟ್‌ನಂತೆ ಸುಮಾರು 48 ಎಂಬಿ ಆಗುತ್ತದೆ. ತಿರುಗಿಸುವಾಗ ಎರಡು ಪ್ರತಿ, 96 ಎಂಬಿ. ಪಿಎಚ್‌ಪಿಯ ಮಾಮೂಲಿ ಮಿತಿ 128. ಈಗಿನ 48 ಮೆಗಾಪಿಕ್ಸೆಲ್ ಕ್ಯಾಮೆರಾದ ಪೂರ್ತಿ ಗಾತ್ರದ ಚಿತ್ರಕ್ಕೆ 192 ಎಂಬಿ ಬೇಕು, ತೆರೆಯುವಾಗಲೇ ಬಿದ್ದುಹೋಗುತ್ತದೆ. ಗೆಟ್ ಇಮೇಜ್ ಸೈಜ್ ಫಂಕ್ಷನ್ ಚಿತ್ರವನ್ನು ಪೂರ್ತಿ ತೆರೆಯದೆ ಅಳತೆ ಹೇಳುತ್ತದೆ. ಮೊದಲು ಅದನ್ನು ಕೇಳಿ. ನಾನು ಮೆಮೊರಿ ಮಿತಿ 256ಕ್ಕೆ ಏರಿಸಿ, ಎರಡೂವರೆ ಕೋಟಿ ಪಿಕ್ಸೆಲ್‌ಗಿಂತ ದೊಡ್ಡದನ್ನು ತೆರೆಯುವುದಿಲ್ಲ. ಜಿಡಿ ಬದಲು ಇಮೇಜ್‌ಮ್ಯಾಜಿಕ್ ಬಳಸುವವರು ಅದನ್ನು ಹೊಸ ಆವೃತ್ತಿಯಲ್ಲೇ ಇಟ್ಟುಕೊಳ್ಳಿ. ಚಿತ್ರದ ಹೆಸರಲ್ಲಿ ಬಂದ ಫೈಲ್‌ನಿಂದ ಸರ್ವರ್‌ನಲ್ಲಿ ಕಮಾಂಡ್ ಓಡಿಸಬಹುದಾದ ದೋಷ 2016ರಲ್ಲಿ ಅದರಲ್ಲಿ ಸಿಕ್ಕಿತ್ತು.

ಎರಡು ಸಲ ಒತ್ತಿದರೆ

ನೆಟ್ ನಿಧಾನ ಇದ್ದಾಗ ಎಲ್ಲರೂ ಬಟನ್ ಎರಡು ಸಲ ಒತ್ತುತ್ತಾರೆ. ಫಾರಂ ತೋರಿಸುವಾಗಲೇ ಒಂದು ಟೋಕನ್ (ಆ ಒಂದು ಅರ್ಜಿಗೇ ಸೇರಿದ ಗುರುತು) ಹುಟ್ಟಿಸಿ, ಫಾರಂನಲ್ಲಿ ಅಡಗಿಸಿ ಇಡಿ, ಟೇಬಲ್‌ನಲ್ಲಿ ಅದಕ್ಕೆ ಯೂನಿಕ್ ಕೀ (ಎರಡು ಸಲ ಬರದಂತೆ ತಡೆ) ಹಾಕಿ. ಅದೇ ಟೋಕನ್ ಮತ್ತೆ ಬಂದರೆ ತಪ್ಪು ತೋರಿಸಬೇಡಿ, ಹಳೆಯ ಅರ್ಜಿ ಸಂಖ್ಯೆಯನ್ನೇ ಮತ್ತೆ ತೋರಿಸಿ. ಉಳಿಸಿದ ಮೇಲೆ 303 ಎಂಬ ಉತ್ತರ ಕೊಟ್ಟು ಬೇರೆ ಪುಟಕ್ಕೆ ಕಳಿಸಿದರೆ ರಿಫ್ರೆಶ್ ಮಾಡಿದರೂ ಅರ್ಜಿ ಮತ್ತೆ ಹೋಗುವುದಿಲ್ಲ. ಬೇರೆ ಸೈಟ್‌ನಿಂದ ಸುಳ್ಳು ವಿನಂತಿ ಬರದಂತೆ ತಡೆಯುವ ಸಿಎಸ್‌ಆರ್‌ಎಫ್ ಟೋಕನ್ ಬೇರೆಯೇ, ಅದೂ ಬೇಕು.

ಟ್ರಸ್ಟಿನವರಿಗೆ ಎಕ್ಸೆಲ್ ಬೇಕು

ಬೇಕೇ ಬೇಕು ಅನ್ನುತ್ತಾರೆ. ಎಕ್ಸೆಲ್‌ನಲ್ಲಿ ತೆರೆಯಲು ಕೊಡುವ ಸಿಎಸ್‌ವಿ ಫೈಲ್‌ನ ತಲೆಗೆ ಯುಟಿಎಫ್-8ರ ಬಿಒಎಂ ಎಂಬ ಮೂರು ಬೈಟ್ ಹಾಕಿ, ಇಲ್ಲದಿದ್ದರೆ ಎಕ್ಸೆಲ್‌ನಲ್ಲಿ ಕನ್ನಡ ಕಲಸಿಹೋಗುತ್ತದೆ. ಸಮ ಚಿಹ್ನೆ, ಪ್ಲಸ್, ಮೈನಸ್ ಅಥವಾ ಆ್ಯಟ್ ಚಿಹ್ನೆಯಿಂದ ಶುರುವಾಗುವ ಬರಹವನ್ನು ಎಕ್ಸೆಲ್ ಸೂತ್ರ ಅಂದುಕೊಂಡು ಓಡಿಸುತ್ತದೆ. ಕೆಟ್ಟ ಸೂತ್ರ ಬರೆದು ಕಳಿಸುವವರೂ ಇದ್ದಾರೆ. ಅಂಥ ಬರಹದ ಮುಂದೆ ಒಂದು ಒಂಟಿ ಉದ್ಧರಣ ಚಿಹ್ನೆ ಇಡಿ. +91 ಅಂತ ಬರೆದ ಫೋನ್ ನಂಬರ್‌ಗಳೂ ಇದರಿಂದ ಸರಿಯಾಗಿ ಉಳಿಯುತ್ತವೆ.

ಫೈಲ್‌ಗಳನ್ನು ಇಮೇಲ್‌ಗೆ ಲಗತ್ತಿಸಿ ಎಲ್ಲ ಟ್ರಸ್ಟಿಗಳಿಗೂ ಕಳಿಸಬೇಡಿ. ಹೋದ ಮೇಲೆ ಅವನ್ನು ಅಳಿಸುವವರು ಯಾರೂ ಇರುವುದಿಲ್ಲ. ಅಳಿಸುವುದು ಈ ಕೆಲಸದ ಒಂದು ಭಾಗ. 2023ರ ಡಿಜಿಟಲ್ ಪರ್ಸನಲ್ ಡೇಟಾ ಪ್ರೊಟೆಕ್ಷನ್ ಕಾಯ್ದೆ ಕೂಡ ಉದ್ದೇಶ ಮುಗಿದ ಮೇಲೆ ಮಾಹಿತಿ ಇಟ್ಟುಕೊಳ್ಳಬಾರದು ಅನ್ನುತ್ತದೆ. ನನ್ನ ಫಾರಂಗಳಲ್ಲಿ ಅಳಿಸುವ ದಿನಾಂಕವೂ ಒಂದು ಕಾಲಂ. ಪ್ರತಿ ರಾತ್ರಿ ಒಂದು ಕ್ರಾನ್ ಜಾಬ್ (ಹೊತ್ತಿಗೆ ತಾನಾಗಿ ಓಡುವ ಕೆಲಸ) ಗಡುವು ಮುಗಿದ ಫೈಲ್‌ಗಳನ್ನು ಅಳಿಸುತ್ತದೆ. ಬ್ಯಾಕಪ್‌ಗೂ ಅದೇ ನಿಯಮ. ಆಧಾರ್ ಪ್ರತಿ ಕೇಳುವ ಮುಂಚೆ ಅದು ಯಾಕೆ ಬೇಕು ಅಂತ ಟ್ರಸ್ಟಿನವರನ್ನು ಕೇಳಿ. ನಮ್ಮ ಟ್ರಸ್ಟ್‌ಗೆ ಬೇಕಿರಲೇ ಇಲ್ಲ. ಬೇಕೇ ಆದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು ಅಂತ ಫಾರಂನಲ್ಲೇ ಬರೆಯಿರಿ.

ಈಗ ಹೊಸ ಫಾರಂ ಬಿಡುವ ಹಿಂದಿನ ದಿನ ನಾನು ಲ್ಯಾಪ್‌ಟಾಪ್ ಮುಚ್ಚಿಡುತ್ತೇನೆ. ಫೋನ್ ತೆಗೆದುಕೊಂಡು, ಮನೆಯಲ್ಲಿರುವ ಐದು ಕಾಗದಗಳ ಫೋಟೋ ಅಲ್ಲೇ ತೆಗೆದು, ಕನ್ನಡದಲ್ಲಿ ಹೆಸರು ಟೈಪ್ ಮಾಡಿ, ಅರ್ಜಿ ತುಂಬುತ್ತೇನೆ. ಮೂರನೆಯ ಫೈಲ್ ಹೋಗುತ್ತಿರುವಾಗ ಏರೋಪ್ಲೇನ್ ಮೋಡ್ ಹಾಕುತ್ತೇನೆ. ಐದು ನಿಮಿಷ ಬಿಟ್ಟು ತೆಗೆದು, ಅರ್ಜಿ ಸಂಖ್ಯೆ ಹಾಕಿ ಒಳಗೆ ಹೋಗುತ್ತೇನೆ. ಹೆಸರು ಹಾಗೇ ಇರಬೇಕು, ಎರಡು ಫೈಲ್ ಮುಂದೆ 'ಬಂತು' ಅಂತ ಇರಬೇಕು, ಮೂರನೆಯದನ್ನು ಮತ್ತೆ ಕೇಳಬೇಕು. ಇಷ್ಟು ಆಗುವ ತನಕ ಫಾರಂನ ಲಿಂಕ್ ಯಾರಿಗೂ ಕೊಡುವುದಿಲ್ಲ.